ನೀರಿನಡಿಯ ಹಾಲಿಮರದ ಊರು: ಕಾಪೆಲ್ ಕೆಲಿನ್

ರಜೆಯಲ್ಲಿ ಉತ್ತರ ವೇಲ್ಸ್‌ಗೆ ಹೋಗುವ ನಮ್ಮ ಸದಸ್ಯ ಕುಟುಂಬಗಳು ಬಾಲಾ ಪಟ್ಟಣದ ವಾಯವ್ಯಕ್ಕೆ ಸಾಗಿದರೆ ಲ್ಲಿನ್ ಕೆಲಿನ್ ಎಂಬ ವಿಶಾಲ ಸರೋವರ ಎದುರಾಗುತ್ತದೆ. ನೋಡಲು ನಿಸರ್ಗನಿರ್ಮಿತದಂತಿರುವ ಈ ಜಲರಾಶಿಗೆ ಇನ್ನೂ ಶತಮಾನವೂ ಆಗಿಲ್ಲ. ಇದರ ತಳದಲ್ಲಿ ಕಾಪೆಲ್ ಕೆಲಿನ್ ಎಂಬ ಗ್ರಾಮವಿತ್ತು.

ವೆಲ್ಷ್ ಭಾಷೆಯಲ್ಲಿ ‘ಕಾಪೆಲ್’ ಎಂದರೆ ಪ್ರಾರ್ಥನಾ ಮಂದಿರ. ‘ಕೆಲಿನ್’ ಎಂದರೆ ಹಾಲಿ, ಕ್ರಿಸ್‌ಮಸ್‌ನಲ್ಲಿ ಬಾಗಿಲಿಗೆ ಕಟ್ಟುವ, ಮುಳ್ಳಂಚಿನ ಎಲೆಯ, ಕೆಂಪು ಹಣ್ಣಿನ ಮರ. ಮಂದಿರ, ಶಾಲೆ, ಅಂಚೆ ಕಚೇರಿ, ಹನ್ನೆರಡು ಮನೆಗಳು ಹಾಗೂ ಹೊಲತೋಟಗಳು: ಇಷ್ಟೇ ಆ ಊರು. ಆದರೆ ಅಲ್ಲಿನ ಬದುಕೆಲ್ಲ ವೆಲ್ಷ್‌ನಲ್ಲಿಯೇ ನಡೆಯುತ್ತಿತ್ತು. ಕಣಿವೆಯ ಹಾವೊಡ್ ವಾಡೊಗ್ ಎಂಬ ತೋಟದಲ್ಲಿ 17ನೆಯ ಶತಮಾನದಲ್ಲಿ ಕ್ವೇಕರ್ ಪಂಥೀಯರು ಸೇರುತ್ತಿದ್ದರು. ಹಿಂಸೆ ತಾಳಲಾರದೆ ಅವರಲ್ಲಿ ಅನೇಕರು ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದರು.

ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು. ಸ್ಥಳೀಯ ವೆಲ್ಷ್ ಆಡಳಿತದ ಒಪ್ಪಿಗೆಯನ್ನು ಕೇಳುವ ಪ್ರಮೇಯವೇ ಬಾರದಂತೆ ನಗರಾಡಳಿತವು ನೇರವಾಗಿ ಲಂಡನ್ನಿನ ಸಂಸತ್ತಿಗೆ ಮಸೂದೆಯನ್ನು ಒಯ್ದಿತು. 1956ರ ನವೆಂಬರ್‌ನಲ್ಲಿ ಗ್ರಾಮಸ್ಥರು ಲಿವರ್‌ಪೂಲಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಮಸೂದೆಯ ಪರ ಮತ ಹಾಕಲಿಲ್ಲ. ಆದರೂ 1957ರಲ್ಲಿ ಅದು ಕಾಯಿದೆಯಾಯಿತು. ಸಂಖ್ಯಾಬಲ ಗೆದ್ದಿತು ಎನ್ನುವುದಕ್ಕಿಂತ ಹೆಚ್ಚಿನ ಸಮರ್ಥನೆ ಅದಕ್ಕೆ ನನಗೆ ಕಾಣುವುದಿಲ್ಲ. 67 ನಿವಾಸಿಗಳಲ್ಲಿ 48 ಮಂದಿ ಮನೆ ಕಳೆದುಕೊಂಡರು. ಕೆಲವು ಸಮಾಧಿಗಳನ್ನು ಸ್ಥಳಾಂತರಿಸಿ, ಉಳಿದವುಗಳ ಮೇಲೆ ಕಾಂಕ್ರೀಟು ಹೊದಿಸಲಾಯಿತು. 1965ರಲ್ಲಿ ಜಲಾಶಯದ ಉದ್ಘಾಟನೆಯಾಯಿತು.

ಅದೇ ದಶಕದಲ್ಲಿ ಸಾಹಿತಿ ಮೇಕ್ ಸ್ಟೀವನ್ಸ್ ಲಾನ್‌ರಿಸ್ಟಿಡ್ ಬಳಿಯ ಪಾಳುಗೋಡೆಯೊಂದರ ಮೇಲೆ ‘ತ್ರುವೆರಿನ್ನನ್ನು ನೆನೆಯಿರಿ’ ಎಂದು ವೆಲ್ಷ್‌ನಲ್ಲಿ ಬರೆದರು. ಅವರ ಬರಹದಲ್ಲೊಂದು ವ್ಯಾಕರಣದೋಷವಿತ್ತು: ಆ ಕ್ರಿಯಾಪದದ ಮುಂದೆ ‘ತ್ರುವೆರಿನ್’ ಎಂಬುದು ‘ದ್ರುವೆರಿನ್’ ಆಗಬೇಕು. ಬೆಟ್ಟ, ತಾವರೆ ಸೇರಿ ‘ಬೆಟ್ಟದಾವರೆ’ ಆಗುವ ನಮ್ಮ ಆದೇಶಸಂಧಿಯಂತೆಯೇ ವೆಲ್ಷ್‌ನಲ್ಲಿಯೂ ಕ, ತ, ಪಗಳು ಗ, ದ, ಬಗಳಾಗುವುದುಂಟು! ಮುಂದೆ ಗೋಡೆಗೆ ಮತ್ತೆ ಬಣ್ಣ ಬಳಿದವರು ಅದನ್ನು ತಿದ್ದಿದರು.

2005ರಲ್ಲಿ ಲಿವರ್‌ಪೂಲ್ ನಗರಸಭೆಯು ಅಧಿಕೃತವಾಗಿ ಕ್ಷಮೆ ಯಾಚಿಸಿತು. ಮುಳುಗಿದ ಊರಿನ ಕಲ್ಲುಗಳನ್ನು ಬಳಸಿ ಕಟ್ಟಿದ ಸ್ಮಾರಕ ಮಂದಿರವೊಂದು ಸರೋವರದ ದಡದಲ್ಲಿದೆ.