ಅನಂತಸ್ವಾಮಿಯವರ ಧಾಟಿ

ನವೆಂಬರ್ ಬಂತೆಂದರೆ ದುಬೈ, ಲಂಡನ್, ಸಿಂಗಪುರ ಎನ್ನದೆ ಎಲ್ಲ ಕನ್ನಡ ಸಂಘಗಳಲ್ಲೂ ನಾವು ಎದ್ದು ನಿಂತು ನಾಡಗೀತೆ ಹಾಡುತ್ತೇವೆ. ಬರೆದವರು ಕುವೆಂಪು ಎಂದು ಮಕ್ಕಳೂ ಹೇಳಿಯಾರು. ಅದಕ್ಕೆ ಧಾಟಿ ಕೊಟ್ಟವರು ಯಾರೆಂದರೆ ದೊಡ್ಡವರೇ ತಡವರಿಸುತ್ತಾರೆ. ಮೈಸೂರು ಅನಂತಸ್ವಾಮಿ ಎಂಬ ಹೆಸರು ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲೂ ಇರಬೇಕು.

ಅನಂತಸ್ವಾಮಿ ಹುಟ್ಟಿದ್ದು 1936ರಲ್ಲಿ, ಮೈಸೂರಿನಲ್ಲಿ. ಆಸ್ಥಾನ ವಿದ್ವಾಂಸರಾಗಿದ್ದ ಚಿಕ್ಕರಾಮರಾಯರ ಮೊಮ್ಮಗ. ಶಾಸ್ತ್ರೀಯ ಸಂಗೀತ ಮನೆತನದಲ್ಲೇ ಇತ್ತು. ಆದರೂ ಅವರು ಹಿಡಿದದ್ದು ಪಿ. ಕಾಳಿಂಗರಾಯರು ಮಾಡಿಕೊಟ್ಟ ಹಾದಿಯನ್ನು. ನವೋದಯದ ಕವಿತೆಗಳನ್ನು ಪುಸ್ತಕದಿಂದ ಎಬ್ಬಿಸಿ ಸಭೆಗಳಿಗೆ ಕರೆತಂದವರು ಕಾಳಿಂಗರಾಯರು. ಆ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅನಂತಸ್ವಾಮಿ ಮೊದಲ ಸಾಲಿನವರು.

ಮುಟ್ಟಿಸಿದ್ದು ಕ್ಯಾಸೆಟ್. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ಸಂಗೀತ ನೀಡಿದ 'ನಿತ್ಯೋತ್ಸವ' ಹೊರಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಅದು. ಅಲ್ಲಿಯವರೆಗೆ ಭಾವಗೀತೆ ಕೇಳಬೇಕಾದರೆ ಹೆಚ್ಚಾಗಿ ಆಕಾಶವಾಣಿಯ ಹೊತ್ತಿಗೆ ಕಾಯಬೇಕಿತ್ತು, ಇಲ್ಲವೇ ಕಚೇರಿಗೆ ಹೋಗಬೇಕಿತ್ತು. ಕ್ಯಾಸೆಟ್ಟಾದರೆ ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯೊಳಗೆ ಕೂತು ಕಡಲು ದಾಟುತ್ತಿತ್ತು. ಕನ್ನಡ ಪುಸ್ತಕದ ಅಂಗಡಿಯೇ ಇಲ್ಲದ ಊರುಗಳಲ್ಲಿ ನಿಸಾರ್, ಜಿ.ಎಸ್. ಶಿವರುದ್ರಪ್ಪ ಮೊದಲಾದವರ ಕವಿತೆ ನಮಗೆ ಬಾಯಿಪಾಠವಾದದ್ದು ಹಾಡಿನಿಂದ.

ಅನಂತಸ್ವಾಮಿಯವರ ಹೆಚ್ಚುಗಾರಿಕೆ ಸಂಯಮದಲ್ಲಿದೆ ಎಂದು ನನ್ನ ನಂಬಿಕೆ. ಸ್ವತಃ ಒಳ್ಳೆಯ ಗಾಯಕರಾಗಿದ್ದೂ ಸಂಗತಿ ಹಾಕಿ ಕಂಠ ಮೆರೆಸುವ ಕಡೆ ಅವರು ಹೋಗಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದ ಎತ್ತಿ ಹಿಡಿಯಬೇಕು ಎಂಬುದನ್ನು ಕವಿತೆಯ ಅರ್ಥವೇ ಹೇಳುತ್ತಿತ್ತು. 'ಕುರಿಗಳು ಸಾರ್ ಕುರಿಗಳು' ವಿಡಂಬನೆ; ಮಾತಿನ ಕುಟುಕು ಉಳಿಯದಿದ್ದರೆ ಅದು ಹಾಡಾಗಿಯೂ ಸೋಲುತ್ತದೆ. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳಿಗೆ ಕುಡುಕನ ತೊದಲೂ ಬೇಕು, ಅವನ ಎದೆಯ ಸಂಕಟವೂ ಬೇಕು. ಅನಂತಸ್ವಾಮಿಯವರಲ್ಲಿ ಎರಡೂ ಸಿಗುತ್ತವೆ. ಆ ಪದಗಳನ್ನು ಆಮೇಲೆ ಮಗ ರಾಜು ಅನಂತಸ್ವಾಮಿ ಅಷ್ಟೇ ಪ್ರೀತಿಯಿಂದ ಹಾಡಿದರು. 2009ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ರಾಜು ತೀರಿಕೊಂಡದ್ದು ಸುಗಮ ಸಂಗೀತಕ್ಕೆ ಬಿದ್ದ ದೊಡ್ಡ ಪೆಟ್ಟು.

ಇನ್ನು ನಾಡಗೀತೆ. ಹಾಡಲು ಸುಲಭದ ಪದ್ಯವಲ್ಲ ಅದು. ಶಂಕರ, ರಾಮಾನುಜ, ಬಸವೇಶ್ವರ, ನಾನಕ, ಕಬೀರ ಎಂದು ಹೆಸರುಗಳ ಸಾಲೇ ಬರುತ್ತದೆ. ಸಂಸ್ಕೃತದ ಉದ್ದುದ್ದ ಸಮಾಸಗಳಿವೆ. ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂದು ಧಾಟಿಯೇ ತೋರಿಸಿಕೊಡಬೇಕು. 2004ರ ಜನವರಿಯಲ್ಲಿ ಸರ್ಕಾರ ಇದನ್ನು ನಾಡಗೀತೆಯೆಂದು ಘೋಷಿಸಿದಾಗ ಅನಂತಸ್ವಾಮಿ ಇರಲಿಲ್ಲ, 1995ರಲ್ಲೇ ಅಗಲಿದ್ದರು. ಅವರ ಧಾಟಿಯ ಜೊತೆಗೆ ಸಿ. ಅಶ್ವತ್ಥ್ ಅವರದೂ ಬಳಕೆಯಲ್ಲಿತ್ತು. ಅಶ್ವತ್ಥ್ ಭಾರೀ ವಾದ್ಯಮೇಳ, ಸಮೂಹಗಾನ ಕಟ್ಟಬಲ್ಲ ಧೀಮಂತರಾಗಿದ್ದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮವನ್ನು ಮರೆತವರುಂಟೆ? ಹಾಗಾಗಿ ಯಾವುದು ಅಧಿಕೃತ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು, ಸಮಿತಿಗಳು ಕೂತವು.

ಕೊನೆಗೆ ಎಚ್.ಆರ್. ಲೀಲಾವತಿ ಅವರ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯನ್ನೇ ಸರ್ಕಾರ ಅಂಗೀಕರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಒಂದು ಶಾಲೆಯ ಮಕ್ಕಳೆಲ್ಲ ವಾದ್ಯದ ಆಸರೆಯಿಲ್ಲದೆ ಕೂಡಿ ಹಾಡಬೇಕಾದದ್ದು ನಾಡಗೀತೆ; ಆ ದೃಷ್ಟಿಯಿಂದ ನನಗೂ ಇದೇ ಸರಿಯಾದ ಆಯ್ಕೆ ಅನ್ನಿಸುತ್ತದೆ.

ಸರ್ಕಾರದ 2022ರ ಆ ಆದೇಶದ ಪ್ರಕಾರ ಆಲಾಪವಿಲ್ಲ, ಸಾಲುಗಳ ಪುನರಾವರ್ತನೆಯಿಲ್ಲ. ಪೂರ್ಣ ಪಾಠವನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು. ಹಳೆಯ ಧ್ವನಿಮುದ್ರಣ ಕೇಳಿ ಕಲಿತ ನಮ್ಮ ಸಂಘಗಳು ಈ ಸಲದ ರಾಜ್ಯೋತ್ಸವಕ್ಕೆ ಹೊಸ ಕ್ರಮದಲ್ಲೇ ಅಭ್ಯಾಸ ಮಾಡಲಿ. ನಿರೂಪಕರು ಕುವೆಂಪು ಅವರ ಹೆಸರಿನ ಜೊತೆಗೇ ಅನಂತಸ್ವಾಮಿಯವರ ಹೆಸರನ್ನೂ ಹೇಳಲಿ.