ಚಿಲ್ಲರೆ ಸಿಗದ ದಿನಗಳ ಬಿಲ್ಲೆಗಳು

ನಾಣ್ಯ ಹೊರಡಿಸುವುದು ಸರಕಾರದ ಅಧಿಕಾರ. ಆದರೆ ಯುದ್ಧಕಾಲದಲ್ಲಿ ಅಂಗಡಿಕಾರನ ಚೀಟಿ, ಬಿಲ್ಲೆಗಳೂ ಹಣದಂತೆ ನಡೆದದ್ದುಂಟು.

ಸುರಪುರ ತಾಲೂಕಿನ ತಿಂಥಣಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಿಂದೂ-ಮುಸ್ಲಿಮರು ಕೂಡಿ ನಡೆದುಕೊಳ್ಳುವ ಇಲ್ಲಿನ ಮೌನೇಶ್ವರ ಜಾತ್ರೆಯಂತಹ ಕಡೆ ಬಳೆ, ಬೆಂಡು-ಬತ್ತಾಸುಗಳ ವ್ಯಾಪಾರವೆಲ್ಲ ಪೈ, ಆಣೆಗಳದ್ದೇ. ನಿಜಾಮರ ಹಾಲಿ ಸಿಕ್ಕಾ ಇಲ್ಲಿನ ಹಣ. ಅದರ ಏಳು ರೂಪಾಯಿಗೆ ಬ್ರಿಟಿಷ್ ರೂಪಾಯಿ ಸುಮಾರು ಆರು ಸಿಗುತ್ತಿತ್ತು. ಸಂಸ್ಥಾನದ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇತ್ತು.

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಜನ ಬೆಳ್ಳಿ ರೂಪಾಯಿಗಳನ್ನು ಬಚ್ಚಿಡತೊಡಗಿದರು. ಬ್ರಿಟಿಷ್ ಸರಕಾರ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಒಂದು ರೂಪಾಯಿ ನೋಟನ್ನು ಮತ್ತೆ ತಂದಿತು. ತಾಮ್ರ ಉಳಿಸಲು 1943ರಲ್ಲಿ ತೂತಿನ ಕಾಸು ಬಂತು. ಹೈದರಾಬಾದಿನಲ್ಲಿಯೂ ಚೌಕಾಕಾರದ ಕಂಚಿನ ಆಣೆ, ತೂತಿನ ಎರಡು ಪೈ ಬಂದವು.

ಇಷ್ಟಾದರೂ ಚಿಲ್ಲರೆ ಸಾಲದಾಯಿತು. ವ್ಯಾಪಾರಿಗಳು ಅಂಚೆಚೀಟಿ, ಕೈಚೀಟಿಗಳನ್ನು ಚಿಲ್ಲರೆಯಾಗಿ ಕೊಟ್ಟರು. ಕಾಠಿಯಾವಾಡದ ಜುನಾಗಢ, ಮೋರ್ವಿಯಂತಹ ಸಂಸ್ಥಾನಗಳು ತಾವೇ ಕಾಗದದ ಕೂಪನ್ ಹೊರಡಿಸಿದವು. ಬ್ರಿಟಿಷ್ ಇಂಡಿಯಾದಲ್ಲಿ ಲೋಹದ ಖಾಸಗಿ ಬಿಲ್ಲೆಗಳನ್ನು ಹಣವಾಗಿ ಹೊರಡಿಸುವುದನ್ನು 1889ರ ಕಾಯ್ದೆ ನಿಷೇಧಿಸಿತ್ತು. ಆದ್ದರಿಂದ ಅಲ್ಲಿ ಕಾಗದದ ಚೀಟಿಯೇ ಸುಲಭವಾಗಿತ್ತು. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲಕ್ಕೆ ವ್ಯಾಪಾರಿಗಳು ತಾಮ್ರದ ಬಿಲ್ಲೆಗಳನ್ನೇ ಹೊರಡಿಸಿದ್ದರು. 1864ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಷೇಧಿಸಿತು.

ಇಂಥ ಬಿಲ್ಲೆಗೆ ಬೆಳ್ಳಿಯ ಬೆಲೆಯಿಲ್ಲ, ಸರಕಾರದ ಮೊಹರಿಲ್ಲ. ಕೊಟ್ಟವನು ನಾಳೆ ಅದನ್ನು ತೆಗೆದುಕೊಂಡು ಮಾಲು ಕೊಡುತ್ತಾನೆಂಬ ನಂಬಿಕೆಯೇ ಅದರ ಬೆಲೆ. ಅದು ವ್ಯಾಪಾರಿಯ ಕೈಯಲ್ಲಿದ್ದ ಗಿರಾಕಿಯ ಅಮಾನತ್ತು. ಅಂಗಡಿ ಮುಚ್ಚಿದರೆ ನಷ್ಟ ಬಡವನಿಗೇ. ದೊಡ್ಡ ರಾಜರ ಚರಿತ್ರೆಯಲ್ಲಿ ಕಾಣದ ಈ ಕಷ್ಟ-ನಂಬಿಕೆಗಳ ಸಾಕ್ಷಿ ಇಂತಹ ವಸ್ತುಗಳಲ್ಲಿ ಮಾತ್ರ ಉಳಿದಿದೆ.

ವಿದ್ಯಾರ್ಥಿ ಮಿತ್ರರೇ, ಹಳೆಯ ಪೆಟ್ಟಿಗೆ, ಲೆಕ್ಕದ ಪುಸ್ತಕಗಳಲ್ಲಿ ಇಂಥವು ಸಿಕ್ಕರೆ ಗುಜರಿಗೆ ಹಾಕಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಅಳಿಯುತ್ತವೆ. ಚೀಟಿಯನ್ನು ಮಡಚದೆ ಇಡಿ, ಅಂಟು ಹಚ್ಚಬೇಡಿ. ಮೇಲಿರುವ ಹೆಸರು, ಮೊತ್ತ, ಭಾಷೆ, ಸಿಕ್ಕ ಸ್ಥಳ ಬರೆದಿಡಿ. ಹೋಟೆಲು, ಗಿರಣಿಗಳ ಲೆಕ್ಕದ ಬಿಲ್ಲೆಗಳೂ ಇರುವುದರಿಂದ ಎಲ್ಲವೂ ಯುದ್ಧಕಾಲದ್ದೆಂದು ತೀರ್ಮಾನಿಸಬೇಡಿ. ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನೂ ಜೊತೆಗೆ ಬರೆದಿಡಿ. ಊರು-ಹೆಸರು ಗೊತ್ತಿಲ್ಲದ ಬಿಲ್ಲೆ ಬರಿಯ ತಗಡು. ಗೊತ್ತಿದ್ದರೆ ಅದೇ ನಮ್ಮ ಊರಿನ ಇತಿಹಾಸ.