ಬೀಡಿ ಕಟ್ಟಿದ ಎರಡು ಜಾಗಗಳು

ನಮ್ಮ ಗಡಿನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬೇಕಲ ಕೋಟೆಯಿಂದಲೋ 1956ರ ರಾಜ್ಯ ಪುನರ್ವಿಂಗಡಣೆಯಿಂದಲೋ ಆರಂಭಿಸುತ್ತಾರೆ. ಬೀಡಿ ಕಟ್ಟಿದವರ ಮಾತು ಅಲ್ಲಿ ಬರುವುದು ಅಪರೂಪ. ಆದರೆ ಮಂಜೇಶ್ವರದಿಂದ ಕಣ್ಣೂರಿನ ತನಕ ಎಷ್ಟೋ ಮನೆಗಳ ಒಲೆ ಉರಿದದ್ದು, ಮಕ್ಕಳ ಶಾಲೆಯ ಫೀಸು ಸಂದದ್ದು ಬೀಡಿಯಿಂದಲೇ. ಈ ಒಂದೇ ಕಸುಬನ್ನು ನಮ್ಮ ಜಿಲ್ಲೆಯವರು ಎರಡು ಬಗೆಯ ಜಾಗಗಳಲ್ಲಿ ಕುಳಿತು ಮಾಡಿದರು. ಕುಳಿತ ಜಾಗ ಬೇರೆಯಾದುದರಿಂದ ದುಡಿದವರ ಬದುಕೂ ಹೇಗೆ ಬೇರೆಯಾಯಿತೆಂಬುದನ್ನು ಇಲ್ಲಿ ನೋಡಬಯಸುತ್ತೇನೆ.

ಅರುವತ್ತರ ದಶಕದಲ್ಲಿ ಕಣ್ಣೂರು ಸೀಮೆಯ ಬೀಡಿ ಉದ್ಯಮದ ದೊಡ್ಡ ಪಾಲು ಮಂಗಳೂರಿನ ಕಂಪೆನಿಗಳ ಕೈಯಲ್ಲಿತ್ತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ಬೀಡಿ ಕಟ್ಟುವ ಸ್ಥಳಕ್ಕೆ ಪರವಾನಗಿ ಬೇಕು. ಅಲ್ಲಿ ಗಾಳಿ ಬೆಳಕು, ಕುಡಿಯುವ ನೀರು, ಶೌಚಾಲಯ ಇರಬೇಕು. ದುಡಿಮೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮೀರಬಾರದು ಎಂದು ಅದು ವಿಧಿಸಿತು. 1968ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಅದನ್ನು ಕೇರಳದಲ್ಲಿ ಜಾರಿಗೆ ತಂದಾಗ ದೊಡ್ಡ ಕಂಪೆನಿಗಳು ಇಲ್ಲಿಯ ಕೆಲಸವನ್ನೇ ನಿಲ್ಲಿಸಿದವು. ಸುಮಾರು 12,000 ಮಂದಿಯ ಅನ್ನಕ್ಕೆ ಕಲ್ಲು ಬಿತ್ತು.

ಈ ಸಂಕಟದಿಂದಲೇ 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. 20 ಪ್ರಾಥಮಿಕ ಸಂಘಗಳು, ಸುಮಾರು 3,000 ಮಂದಿ ಕೆಲಸಗಾರರು. ಅಷ್ಟರಿಂದ ಆರಂಭವಾದ ಸಂಸ್ಥೆಯಲ್ಲಿ ಎಂಬತ್ತರ ದಶಕಕ್ಕೆ ಸುಮಾರು 42,000 ಮಂದಿ ದುಡಿಯುತ್ತಿದ್ದರು. ಮುಖ್ಯ ವಿಷಯವೆಂದರೆ, ಇವರು ಮನೆಯಲ್ಲಿ ಅಲ್ಲ, ಸಂಘದ ಶೆಡ್ಡಿನಲ್ಲಿ ಸಾಲಾಗಿ ಕುಳಿತು ಬೀಡಿ ಕಟ್ಟಿದರು. ಒಬ್ಬಾತ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಮಿಕ್ಕವರು ಕೈಕೆಲಸ ಬಿಡದೆ ಕೇಳುತ್ತಿದ್ದರು. ಓದುವವನಿಗೆ ಆ ಹೊತ್ತಿನ ಕೂಲಿ ನಷ್ಟವಾಗಬಾರದಲ್ಲ? ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಿದ್ದರು. ಪತ್ರಿಕೆ ಮುಗಿದರೆ ಕಾದಂಬರಿ, ಆಮೇಲೆ ಚರ್ಚೆ. ಅಕ್ಷರ ಬಾರದವನಿಗೂ ಲೋಕದ ಸುದ್ದಿ ತಿಳಿಯಿತು. ಹೊಗೆಸೊಪ್ಪಿನ ಧೂಳು ಅಲ್ಲಿಯೂ ಇತ್ತು, ಬೆನ್ನುನೋವೂ ಇತ್ತು. ಆದರೂ ಆ ಶೆಡ್ಡು ಅವರಿಗೆ 'ನಮ್ಮದು' ಆಯಿತು.

ಚಂದ್ರಗಿರಿ ಹೊಳೆ ದಾಟಿ ಉತ್ತರಕ್ಕೆ, ತುಳು ಕನ್ನಡದ ಊರುಗಳಿಗೆ ಬಂದರೆ ಹೆಚ್ಚಾಗಿ ಕಾಣುತ್ತಿದ್ದುದು ಬೇರೆಯೇ ಚಿತ್ರ. ಇಲ್ಲಿ ಬೀಡಿ ಕಟ್ಟುವ ಜಾಗವೆಂದರೆ ಮನೆಯ ಜಗಲಿ. ಕಟ್ಟುವವರು ನಮ್ಮ ಅಕ್ಕ, ಅತ್ತಿಗೆ, ಅಮ್ಮಂದಿರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ತಡ್ಪೆಯನ್ನು ಮಡಿಲಲ್ಲಿಟ್ಟು ಕಟ್ಟುವುದು, ಲೆಕ್ಕಮಾಡಿ ಮತ್ತೆ ಬ್ರಾಂಚಿಗೆ ಒಯ್ಯುವುದು. 1966ರ ಕಾಯಿದೆ 'ಕೈಗಾರಿಕಾ ಸ್ಥಳ' ಎಂಬ ಪದಕ್ಕೆ ಅರ್ಥ ಹೇಳುವಾಗ ಖಾಸಗಿ ವಾಸದ ಮನೆಯನ್ನು ಹೊರಗಿಟ್ಟಿತ್ತು. ಹಾಗಾಗಿ ಗಾಳಿ ಬೆಳಕಿನ ನಿಯಮ ನಮ್ಮ ಜಗಲಿಯ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲೇ ಇದ್ದುದರಿಂದ ತೊಟ್ಟಿಲು ತೂಗಲು, ಗಂಜಿಯ ಮಡಕೆ ನೋಡಿಕೊಳ್ಳಲು ಆಯಿತು, ನಿಜ. ಆದರೆ ದುಡಿಮೆಗೆ ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲವೆಂಬಂತಾಯಿತು. ಒಟ್ಟಿಗೆ ಕುಳಿತು ಕೇಳುವ ಓದು ಇರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಹಲವು ಜಗಲಿಗಳಲ್ಲಿ ರೇಡಿಯೋ ಆ ಕೊರತೆಯನ್ನು ಸ್ವಲ್ಪ ತುಂಬಿತು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಈ ವ್ಯತ್ಯಾಸ ಆಗಾಗ ಕಿವಿಗೆ ಬಿದ್ದಿದೆ. ಫಾರಂ ತುಂಬಿಸುವಾಗ "ಉದ್ಯೋಗ?" ಎಂದು ಕೇಳಿದರೆ, ಶೆಡ್ಡಿನಲ್ಲಿ ದುಡಿದ ಹಿರಿಯರು "ದಿನೇಶಿನಲ್ಲಿದ್ದೆ" ಎನ್ನುತ್ತಾರೆ. ಮೂವತ್ತು ವರ್ಷ ಬೀಡಿ ಕಟ್ಟಿ, ಬೆರಳ ತುದಿ ಸವೆದು, ಹೆಬ್ಬೆಟ್ಟಿನ ಗುರುತೂ ಸರಿಯಾಗಿ ಮೂಡದ ನಮ್ಮ ಅಮ್ಮಂದಿರು ಮಾತ್ರ "ಕೆಲಸ ಏನೂ ಇಲ್ಲ, ಮನೆಯಲ್ಲೇ ಇರುವುದು" ಎನ್ನುತ್ತಾರೆ. ದುಡಿಮೆ ಎರಡು ಕಡೆಯೂ ಒಂದೇ. ಆದರೆ ಒಬ್ಬರಿಗೆ ಹೇಳಿಕೊಳ್ಳಲು ಒಂದು ಜಾಗವಿತ್ತು, ಇನ್ನೊಬ್ಬರಿಗೆ ಇರಲಿಲ್ಲ.

ತೊಂಬತ್ತರ ದಶಕದಿಂದೀಚೆಗೆ ಬೀಡಿ ಸೇದುವವರು ಕಡಿಮೆಯಾದರು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ದಿನೇಶ್ ಸಂಘ ಕೊಡೆ, ಆಹಾರ ಪದಾರ್ಥ, ಉಡುಪುಗಳ ತಯಾರಿಗೆ ಕೈಹಾಕಿತು. ಆರೋಗ್ಯದ ದೃಷ್ಟಿಯಿಂದ ಬೀಡಿ ಹೋಗುವುದು ಒಳ್ಳೆಯದೇ. ಆದರೆ ಅದನ್ನು ಕಟ್ಟಿದವರ ನೆನಪು ಅದರೊಂದಿಗೆ ಹೋಗಬಾರದು. ಶೆಡ್ಡಿನವರ ಕಥೆ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಪುಸ್ತಕಗಳಾಗಿವೆ. ನಮ್ಮ ಜಗಲಿಗಳಿಗೆ ಅಂಥ ಬರಹಗಾರರು ಸಾಕಷ್ಟು ಸಿಕ್ಕಿಲ್ಲ. ಮನೆಯಲ್ಲಿ ಹಳೆಯ ಬೀಡಿ ಪುಸ್ತಕ, ಎಲೆ ಕತ್ತರಿಸುವ ಅಳತೆಯ ತಗಡು ಇದ್ದರೆ ತೆಗೆದಿಡಿ. ಅಮ್ಮನ ಬಳಿ ಕುಳಿತು, ದಿನಕ್ಕೆ ಎಷ್ಟು ಕಟ್ಟುತ್ತಿದ್ದರು, ಯಾರ ಜತೆ ಬ್ರಾಂಚಿಗೆ ನಡೆದು ಹೋಗುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಅವರ ಹೆಸರಿನ ಮುಂದೆ 'ಕಾರ್ಮಿಕೆ' ಎಂದು ಬರೆಯುವ ಕೆಲಸವನ್ನಾದರೂ ನಾವು ಮಾಡಬೇಕು.